ಸ್ಪೋಕ್‌ಶೇವ್: ಆಯ್ಕೆ, ಸಿದ್ಧತೆ, ಬಳಕೆ – ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತರಿ ಇರುವಾಗ ಸ್ಪೋಕ್‌ಶೇವ್ ಏಕೆ ಬೇಕು?

ಹತ್ತರಿಯ ತಳ ಉದ್ದವಾಗಿರುವುದು ಮರವನ್ನು ಸಮತಟ್ಟು ಮಾಡಲೆಂದು. ಅದು ಉಬ್ಬುಗಳನ್ನು ಹೆರೆಯುತ್ತದೆ, ತಗ್ಗುಗಳನ್ನು ಮುಟ್ಟದೆ ದಾಟುತ್ತದೆ. ಬಾಗಿದ ಅಂಚನ್ನು ಹೆರೆಯುವಾಗ ಇದೇ ಗುಣ ಅಡ್ಡಿಯಾಗುತ್ತದೆ. ಸ್ಪೋಕ್‌ಶೇವ್‌ಗೆ ಎರಡು ಕಡೆ ಹಿಡಿ, ನಡುವೆ ಒಂದು ಅಲಗು, ಅಲಗಿನ ಹಿಂದೆ ಮುಂದೆ ಎರಡು ಬೆರಳಿನಷ್ಟು ತಳ ಇರುತ್ತವೆ. ತಳ ಗಿಡ್ಡವಾದ್ದರಿಂದ ಅದು ಮರದ ಬಾಗನ್ನು ಅನುಸರಿಸಿಕೊಂಡು ಹೋಗುತ್ತದೆ. ಮರದ ಗಾಡಿಚಕ್ರಗಳ ಸ್ಪೋಕುಗಳಿಗೆ ರೂಪ ಕೊಡಲು ಬಳಕೆಗೆ ಬಂದ ಈ ಉಪಕರಣ ಈಗ ಕೊಡಲಿಯ ಕಾವು, ಕುರ್ಚಿಯ ಕಾಲು, ದೋಣಿಯ ಹುಟ್ಟು, ಬಿಲ್ಲು, ಗಿಟಾರಿನ ಕುತ್ತಿಗೆ ಮುಂತಾದ ಕೆಲಸಗಳಿಗೆಲ್ಲ ಬೇಕಾಗುತ್ತದೆ.

ಗಿಡ್ಡ ತಳದಿಂದ ಇನ್ನೊಂದು ಪರಿಣಾಮವೂ ಇದೆ. ಹತ್ತರಿಯಲ್ಲಿ ತಳವೇ ಅಲಗಿಗೆ ದಾರಿ ತೋರಿಸುತ್ತದೆ, ಇಲ್ಲಿ ಆ ಕೆಲಸದ ಬಹುಪಾಲು ಕೈಗೆ ಬರುತ್ತದೆ. ಕೈಗೆ ಅದು ಸಾಧ್ಯವಾಗಬೇಕಾದರೆ ಅಲಗು ಚೂಪಾಗಿರಬೇಕು, ಅಲುಗಾಡದೆ ಕೂತಿರಬೇಕು. ಮುಂದಿನ ಉತ್ತರಗಳಲ್ಲಿ ಬಹುಪಾಲು ಈ ಎರಡು ವಿಷಯಗಳ ಸುತ್ತಲೇ ಇವೆ.

ಮೊದಲ ಸ್ಪೋಕ್‌ಶೇವ್ ಚಪ್ಪಟೆ ತಳದ್ದಿರಬೇಕೇ, ದುಂಡು ತಳದ್ದೇ?

ಚಪ್ಪಟೆ ತಳದ್ದು. ಈ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಹೊರಕ್ಕೆ ಉಬ್ಬಿದ ಬಾಗು, ನೇರ ಅಂಚು, ದುಂಡನೆಯ ಕಾವು ಎಲ್ಲವನ್ನೂ ಅದು ನಿಭಾಯಿಸುತ್ತದೆ. ತಳ ಗಿಡ್ಡವಾದ್ದರಿಂದ ಒಳಕ್ಕೆ ಸ್ವಲ್ಪ ಬಾಗಿದ ಅಂಚಿಗೂ ಸಾಕಾಗುತ್ತದೆ. ದುಂಡು ತಳದ್ದು ಒಳಬಾಗು ಬಿಗಿಯಾದಾಗ ಮಾತ್ರ ಬೇಕು. ಅದನ್ನು ಹಿಡಿಯುವುದು ಕಷ್ಟ, ಏಕೆಂದರೆ ಅದರ ತಳ ಮರವನ್ನು ಒಂದು ಗೆರೆಯಲ್ಲಷ್ಟೇ ಮುಟ್ಟುತ್ತದೆ. ಕೈ ಸ್ವಲ್ಪ ಹಿಂದೆ ಮುಂದೆ ವಾಲಿದರೂ ಅಲಗು ಮರವನ್ನು ಬಿಟ್ಟೇಳುತ್ತದೆ, ಇಲ್ಲವೇ ಒಮ್ಮೆಲೇ ಆಳಕ್ಕೆ ಕಚ್ಚಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಕೊಂಡು ದುಂಡು ತಳದಿಂದಲೇ ಕಲಿಕೆ ಶುರುಮಾಡಿದವರು ಉಪಕರಣವೇ ಕೆಟ್ಟದ್ದೆಂದು ಕೈಬಿಡುವುದುಂಟು. ಚಪ್ಪಟೆ ತಳದಲ್ಲಿ ಕೈ ಕುದುರಲಿ, ಆಮೇಲೆ ಇನ್ನೊಂದನ್ನು ತೆಗೆದುಕೊಳ್ಳಿ.

ಮರದ ಒಡಲಿನದು ಮೇಲೋ, ಲೋಹದ್ದು ಮೇಲೋ?

ಇವು ನೋಟಕ್ಕೆ ಹತ್ತಿರದವಾದರೂ ಕೊರೆಯುವ ರೀತಿಯಲ್ಲಿ ಬೇರೆ ಬೇರೆ. ಲೋಹದ ಸ್ಪೋಕ್‌ಶೇವ್ ಒಂದು ಪುಟ್ಟ ಹತ್ತರಿಯೇ: ಅಲಗು ಸುಮಾರು 45 ಡಿಗ್ರಿ ಕೋನದಲ್ಲಿ, ಓರೆ ಮುಖ (ಅಂಚಿಗೆ ಇಳಿಜಾರಾಗಿ ಮಸೆದ ಬದಿ) ಕೆಳಗಾಗಿ ಕೂರುತ್ತದೆ. ಹಳೆಯ ಮಾದರಿಯ ಮರದ ಸ್ಪೋಕ್‌ಶೇವ್‌ನಲ್ಲಿ ಅಲಗು ಬಹುತೇಕ ಮಲಗಿರುತ್ತದೆ. ಚಪ್ಪಟೆ ಮುಖ ಮರಕ್ಕೆ ತಾಗಿಕೊಂಡು ಸಾಗುತ್ತದೆ, ಅಲಗಿನ ಎರಡು ತುದಿಗಳಿಂದ ಮೇಲಕ್ಕೆ ಬಾಗಿದ ಕೊಂಡಿಗಳು ಒಡಲಿನ ತೂತುಗಳಲ್ಲಿ ಬಿಗಿಯಾಗಿ ಕೂರುತ್ತವೆ. ಇದರ ಕೊರೆತದ ಕೋನ ಮಸೆದ ಕೋನದಷ್ಟೇ, ಅಂದರೆ 25ರಿಂದ 30 ಡಿಗ್ರಿ.

ಹಸಿ ಮರಕ್ಕೆ, ಮೆದು ಮರಕ್ಕೆ, ಮರದ ಕಡಿತುದಿಗೆ ಈ ತಗ್ಗು ಕೋನ ಬಹಳ ಹಿತ. ಅಲಗು ಅಡೆತಡೆಯಿಲ್ಲದೆ ಸಾಗುತ್ತದೆ, ಹೆರೆದ ಮರದ ಸುರುಳಿ ಉದ್ದಕ್ಕೆ ಏಳುತ್ತದೆ. ಆದರೆ ಎಳೆ ಅಡ್ಡಾದಿಡ್ಡಿಯಾಗಿರುವ ಗಟ್ಟಿ ಒಣಮರದಲ್ಲಿ ಅದೇ ತಗ್ಗು ಕೋನ ಎಳೆಯನ್ನು ಮೀಟಿ ಕಿತ್ತುಹಾಕುತ್ತದೆ. ಅಂಥ ಕಡೆ 45 ಡಿಗ್ರಿಯ ಲೋಹದ ಸ್ಪೋಕ್‌ಶೇವ್ ಹೆಚ್ಚು ಭರವಸೆಯದು. ಹಸಿ ಮರದಲ್ಲಿ ಕುರ್ಚಿ ಮಾಡುವವರು ಮರದ ಒಡಲನ್ನು ಇಷ್ಟಪಡುವುದಕ್ಕೂ, ಒಣ ಹಲಗೆಯಲ್ಲಿ ಕೆಲಸ ಮಾಡುವವರು ಲೋಹದ್ದನ್ನು ಹಿಡಿಯುವುದಕ್ಕೂ ಇದೇ ಕಾರಣ. ತಗ್ಗು ಕೋನದ ಅಲಗನ್ನು ತಿರುಪುಗಳಿಂದ ಹೊಂದಿಸುವ ಹೊಸ ಮಾದರಿಗಳೂ ಸಿಗುತ್ತವೆ.

ಲೋಹದವುಗಳಲ್ಲಿ 51, 151 ಎಂಬ ಸಂಖ್ಯೆಗಳ ಅರ್ಥವೇನು?

ಇವು ಸ್ಟ್ಯಾನ್ಲಿ ಕಂಪನಿಯ ಮಾದರಿ ಸಂಖ್ಯೆಗಳು. ಬೇರೆ ತಯಾರಕರೂ ಇದೇ ವಿನ್ಯಾಸಗಳನ್ನು ಅನುಸರಿಸಿದ್ದರಿಂದ ಸಂಖ್ಯೆಗಳು ಸಾಮಾನ್ಯ ಹೆಸರುಗಳಂತಾಗಿವೆ. 51ರಲ್ಲಿ ಅಲಗನ್ನು ಹೊಂದಿಸಲು ತಿರುಪು ಇಲ್ಲ, ಕೈಯಿಂದಲೇ ಇಟ್ಟು, ಅಲಗನ್ನು ಮೇಲಿನಿಂದ ಅದುಮಿ ಹಿಡಿಯುವ ಕ್ಯಾಪ್ ಬಿಗಿಯಬೇಕು. 151ರಲ್ಲಿ ಅಲಗಿನ ಎರಡು ಮೂಲೆಗಳಿಗೆ ಒಂದೊಂದು ನಟ್ ಇದೆ. ಎರಡನ್ನೂ ಸಮವಾಗಿ ತಿರುಗಿಸಿದರೆ ಆಳ ಬದಲಾಗುತ್ತದೆ, ಒಂದನ್ನಷ್ಟೇ ತಿರುಗಿಸಿದರೆ ಅಲಗು ಓರೆಯಾಗುತ್ತದೆ. ದುಂಡು ತಳದ 151ಕ್ಕೆ ‘ಆರ್’ ಅಕ್ಷರ ಸೇರುತ್ತದೆ. 53ರಲ್ಲಿ ಬಾಯಿಯ, ಅಂದರೆ ತಳದಲ್ಲಿ ಅಲಗಿನ ಅಂಚು ಹೊರಬರುವ ಸಂದಿಯ, ಅಗಲವನ್ನೇ ಹಿಗ್ಗಿಸಿ ಕುಗ್ಗಿಸಬಹುದು.

ಕಲಿಯುವವರಿಗೆ 151 ಅನುಕೂಲ. 51 ಸರಳವಾಗಿದೆ, ಅದರಲ್ಲಿ ಸಡಿಲಗೊಳ್ಳುವ ಭಾಗಗಳೂ ಕಡಿಮೆ. ಒಮ್ಮೆ ಹೊಂದಿಸಿದ ಆಳವನ್ನು ಪದೇ ಪದೇ ಬದಲಿಸದೆ ಕೆಲಸ ಮಾಡುವವರಿಗೆ ಅದೂ ಒಳ್ಳೆಯ ಆಯ್ಕೆ.

ತಳವೇ ಒಳಬಾಗಿದ ಸ್ಪೋಕ್‌ಶೇವ್‌ಗಳನ್ನು ನೋಡಿದ್ದೇನೆ. ಅವು ಬೇಕೇ?

ಒಂದೇ ದಪ್ಪದ ದುಂಡು ಕೋಲುಗಳನ್ನು ತುಂಬಾ ಮಾಡುವವರಿಗೆ ಉಪಯೋಗಕ್ಕೆ ಬರುತ್ತವೆ. ಉಳಿದವರಿಗೆ ಬೇಡ. ಚಪ್ಪಟೆ ತಳದ್ದೇ ದುಂಡು ಕೋಲನ್ನು ಚೆನ್ನಾಗಿ ಮಾಡುತ್ತದೆ. ಬಾಗಿದ ಅಲಗನ್ನು ಮಸೆಯುವುದು ಬೇರೆಯೇ ಶ್ರಮ.

ಹಳೆಯದನ್ನು ಕೊಳ್ಳುವಾಗ ಏನು ನೋಡಬೇಕು?

ಲೋಹದ್ದಾದರೆ ಮೊದಲು ಬಿರುಕು ಹುಡುಕಿ. ಎರಕದ ಕಬ್ಬಿಣ ಬಿದ್ದರೆ ಒಡೆಯುತ್ತದೆ. ಹಿಡಿ ಒಡಲಿಗೆ ಸೇರುವ ಕಡೆ, ಬಾಯಿಯ ಎರಡು ಮೂಲೆಗಳು, ತಿರುಪಿನ ತೂತಿನ ಸುತ್ತ ಬಿರುಕು ಕಾಣಬಹುದು. ಬಿರುಕಿದ್ದರೆ ಬಿಟ್ಟುಬಿಡಿ. ಮೇಲ್ಮೈಯ ತುಕ್ಕು ದೊಡ್ಡ ದೋಷವಲ್ಲ, ಆದರೆ ಅಲಗಿನ ಚಪ್ಪಟೆ ಮುಖದಲ್ಲಿ, ಅಂಚಿನ ಹತ್ತಿರ ಆಳವಾದ ತುಕ್ಕುಗುಳಿಗಳಿದ್ದರೆ ಆ ಅಲಗು ಎಂದೂ ಸರಿಯಾಗಿ ಚೂಪಾಗದು. ಚಪ್ಪಟೆ ಮುಖ ಮತ್ತು ಓರೆ ಮುಖ ಸೇರುವ ಗೆರೆಯೇ ಅಂಚು, ಗುಳಿ ಆ ಗೆರೆಯನ್ನು ಮುರಿಯುತ್ತದೆ. 151ರಂಥ ಮಾದರಿಗೆ ಬದಲಿ ಅಲಗು ಸಿಗುವುದು ಸುಲಭ, ಅಪರೂಪದ ಮಾದರಿಗೆ ಕಷ್ಟ.

ಮರದ್ದಾದರೆ ಬಾಯಿಯ ಮುಂಭಾಗದ ಸವೆತ ನೋಡಿ. ಬೀಚ್ ಅಥವಾ ಬಾಕ್ಸ್‌ವುಡ್ ಒಡಲು ವರ್ಷಗಟ್ಟಲೆ ಉಜ್ಜಿ ಉಜ್ಜಿ ಅಲ್ಲಿ ತಗ್ಗು ಬಿದ್ದಿರುತ್ತದೆ, ಬಾಯಿ ಅಗಲವಾಗಿರುತ್ತದೆ. ಅಲ್ಲೊಂದು ಹಿತ್ತಾಳೆಯ ಪಟ್ಟಿ ಕೂರಿಸಿ ಸರಿಪಡಿಸಬಹುದು. ಅಲಗಿನ ಕೊಂಡಿಗಳು ತೂತಿನಲ್ಲಿ ಸಡಿಲವಾಗಿದ್ದರೆ ತೂತಿನೊಳಗೆ ತೆಳು ತೊಗಲಿನ ತುಂಡು ಅಂಟಿಸಿದರೂ ಸಾಕಾಗುತ್ತದೆ. ಅನೇಕ ಸಲ ಮಸೆದು ಸವೆದು ಕಿರಿದಾದ ಅಲಗನ್ನು ಮಾತ್ರ ಸರಿಪಡಿಸಲಾಗದು.

ಹೊಸದನ್ನು ಪೆಟ್ಟಿಗೆಯಿಂದ ತೆಗೆದೆ, ಕೊರೆಯುವುದೇ ಇಲ್ಲ. ದೋಷ ಎಲ್ಲಿದೆ?

ಅಗ್ಗದ ಸ್ಪೋಕ್‌ಶೇವ್‌ಗಳು ಹೆಚ್ಚಾಗಿ ಅರ್ಧ ತಯಾರಾದ ಸ್ಥಿತಿಯಲ್ಲೇ ಬರುತ್ತವೆ. ಉಳಿದರ್ಧವನ್ನು ನೀವು ಮಾಡಬೇಕು. ಇದಕ್ಕೆ ಒಂದು ಸಂಜೆ ಕೊಟ್ಟರೆ ಸಾಕು, ಆಮೇಲೆ ವರ್ಷಗಟ್ಟಲೆ ಅದು ಕೆಲಸ ಮಾಡುತ್ತದೆ. ಈ ಹಂತವನ್ನು ಬಿಟ್ಟು ನೇರ ಮರಕ್ಕೆ ಹೋಗುವುದು ಉಪಕರಣಕ್ಕೂ ನಿಮಗೂ ಮಾಡಿಕೊಳ್ಳುವ ಅನ್ಯಾಯ.

ಅಲಗು ಕೂರುವ ಪೀಠದಿಂದ ಶುರುಮಾಡಿ. ಅಲಗನ್ನು ಕಳಚಿ ನೋಡಿದರೆ ಪೀಠದ ಮೇಲೆ ದಪ್ಪ ಬಣ್ಣ, ಎರಕದ ಉಬ್ಬುಗಳು ಕಾಣುತ್ತವೆ. ಹೀಗಿದ್ದರೆ ಅಲಗು ಎರಡೋ ಮೂರೋ ಬಿಂದುಗಳ ಮೇಲೆ ಮಾತ್ರ ನಿಂತಿರುತ್ತದೆ. ಬಣ್ಣವನ್ನು ಕೆರೆದು ತೆಗೆಯಿರಿ. ಪೀಠಕ್ಕೆ ತಾಗುವ ಅಲಗಿನ ಮುಖಕ್ಕೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿ, ಕೂರಿಸಿ, ಸ್ವಲ್ಪ ಅಲುಗಿಸಿ ತೆಗೆಯಿರಿ. ಮಸಿ ಪೀಠದಲ್ಲಿ ಎಲ್ಲಿ ಅಂಟಿದೆಯೋ ಅದು ಎತ್ತರದ ಜಾಗ. ಸಣ್ಣ ಚಪ್ಪಟೆ ಅರದಿಂದ ಅಷ್ಟನ್ನೇ ತಿಕ್ಕಿ. ಅರ ವಾಲದಿರಲಿ, ಪೀಠ ಉಬ್ಬಾದರೆ ಮೊದಲಿಗಿಂತ ಕೆಡುತ್ತದೆ. ಪೀಠದ ಪೂರ್ತಿ ಹೊಳೆಯಬೇಕೆಂದಿಲ್ಲ. ಬಾಯಿಯ ಪಕ್ಕದ ಅಂಚು ಮತ್ತು ಮೇಲಿನ ಅಂಚು ಅಲಗಿಗೆ ಪೂರ್ತಿ ತಾಗಿದರೆ ಆಯಿತು.

ಮುಂದೆ ಕ್ಯಾಪ್. ಅದರ ಮುಂದಿನ ತುದಿ ಅಲಗಿನ ಅಗಲಕ್ಕೂ ಬಿಗಿಯಾಗಿ ಅದುಮಬೇಕು. ಬೆಳಕಿಗೆ ಹಿಡಿದು ನೋಡಿ, ನಡುವೆ ಬೆಳಕು ತೂರಿದರೆ ಆ ತುದಿಯನ್ನು ಸಾಣೆಕಲ್ಲಿನ ಮೇಲೆ ತಿಕ್ಕಿ ಸಮ ಮಾಡಿ. ಆ ಸಂದಿಗೆ ಸುರುಳಿಗಳು ನುಗ್ಗಿ ಬಾಯಿ ಕಟ್ಟಿಕೊಳ್ಳುವುದು ಬಹಳ ಸಾಮಾನ್ಯ.

ತಳವನ್ನು ಸಮ ಮಾಡುವುದು ಸುಲಭ. ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಅಂಟಿಸಿ, ಅಲಗನ್ನು ಒಳಕ್ಕೆ ಎಳೆದುಕೊಂಡು ಬಿಗಿದ ಸ್ಥಿತಿಯಲ್ಲೇ ತಿಕ್ಕಿ, ಅಲಗಿನ ಬಿಗಿತದಿಂದ ಒಡಲು ಬಾಗುವುದೂ ಆಗ ಲೆಕ್ಕಕ್ಕೆ ಬರುತ್ತದೆ. ಬಾಯಿಯ ಮುಂದಿನ ಅಂಚು ಸಮವಾದರೆ ಸಾಕು, ಕನ್ನಡಿಯಂತೆ ಹೊಳೆಸುವ ಅಗತ್ಯವಿಲ್ಲ. ತಳದ ಚೂಪಾದ ಹೊರ ಅಂಚುಗಳನ್ನು ಅರದಿಂದ ಸ್ವಲ್ಪ ಮುರಿಯಿರಿ, ಇಲ್ಲದಿದ್ದರೆ ಬಾಗಿದ ಮರದ ಮೇಲೆ ಗೀರು ಬೀಳುತ್ತದೆ. ಕೊನೆಗೆ ತಳಕ್ಕೆ ಮೇಣದ ಬತ್ತಿ ಉಜ್ಜಿದರೆ ಎಷ್ಟು ಸಲೀಸಾಗುತ್ತದೆ ಎಂಬುದು ಕೈಗೇ ಗೊತ್ತಾಗುತ್ತದೆ.

ಅಲಗು ತೀರಾ ಗಿಡ್ಡ, ಬೆರಳಲ್ಲಿ ನಿಲ್ಲುವುದಿಲ್ಲ. ಮಸೆಯುವುದು ಹೇಗೆ?

151ರ ಅಲಗಿನ ಅಗಲ ಸುಮಾರು 54 ಮಿಲಿಮೀಟರ್, ಉದ್ದ ಅದಕ್ಕಿಂತ ಹೆಚ್ಚೇನೂ ಇಲ್ಲ. ಹತ್ತರಿಯ ಅಲಗನ್ನು ಹಿಡಿದಂತೆ ಹಿಡಿಯಲಾಗದು. ಅದಕ್ಕೊಂದು ಮರದ ಹಿಡಿ ಮಾಡಿಕೊಳ್ಳಿ: ಒಂದು ಗೇಣು ಉದ್ದದ ಗಟ್ಟಿ ಮರದ ತುಂಡು, ಅದರ ತುದಿಯಲ್ಲಿ ಅಲಗಿನ ದಪ್ಪಕ್ಕೆ ಸರಿಯಾಗಿ ಗರಗಸದಿಂದ ಕೊಯ್ದ ಒಂದು ಸೀಳು. ಅಲಗನ್ನು ಸೀಳಿನೊಳಗೆ ತಳ್ಳಿ, ಅಡ್ಡಲಾಗಿ ಒಂದು ಸ್ಕ್ರೂ ಬಿಗಿದರೆ ಅದು ಉದ್ದನೆಯ ಉಳಿಯಂತೆ ಕೈಗೆ ಸಿಗುತ್ತದೆ. ಕೊಂಡುತರುವ ಯಾವ ಸಲಕರಣೆಗಿಂತಲೂ ಇದು ವಾಸಿ ಎಂದು ನನ್ನ ಅಭಿಪ್ರಾಯ.

ಮೊದಲು ಚಪ್ಪಟೆ ಮುಖ. ಅಂಚಿನ ಪಕ್ಕದ ಕೆಲವು ಮಿಲಿಮೀಟರ್ ಪೂರ್ತಿ ಸಮವಾಗಿ ಹೊಳೆಯುವವರೆಗೆ ಕಲ್ಲಿನ ಮೇಲೆ ತಿಕ್ಕಿ. ಇದನ್ನು ಒಮ್ಮೆ ಮಾಡಿದರೆ ಮತ್ತೆ ಬೇಕಾಗದು. ಆಮೇಲೆ ಓರೆ ಮುಖವನ್ನು 25ರಿಂದ 30 ಡಿಗ್ರಿಯಲ್ಲಿ 1000 ಗ್ರಿಟ್ ಕಲ್ಲಿನ ಮೇಲೆ ಮಸೆಯಿರಿ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ). ಚಪ್ಪಟೆ ಮುಖದ ಕಡೆ ಬೆರಳಿಗೆ ತಾಕುವ ಸಣ್ಣ ಬರ್ (ಮಸೆದಾಗ ಮಡಚಿಕೊಳ್ಳುವ ಲೋಹದ ತೆಳು ಎಳೆ) ಅಂಚಿನ ಉದ್ದಕ್ಕೂ ಏಳಬೇಕು. ಅದು ಏಳುವ ಮೊದಲೇ ನಯವಾದ ಕಲ್ಲಿಗೆ ಹೋದರೆ ಹೊಳಪು ಬರುತ್ತದೆ, ಹರಿತ ಬರುವುದಿಲ್ಲ. ಬರ್ ಎದ್ದ ಮೇಲೆ 4000, 8000 ಗ್ರಿಟ್‌ನಲ್ಲಿ ಎರಡೂ ಮುಖಗಳನ್ನು ಸರದಿಯಂತೆ ನಯಗೊಳಿಸಿ ಬರ್ ತೆಗೆಯಿರಿ. ವಿದ್ಯುತ್ ಸಾಣೆಚಕ್ರ ಬಳಸುವುದಾದರೆ ಅಲಗನ್ನು ಆಗಾಗ ನೀರಲ್ಲಿ ಅದ್ದಬೇಕು. ಇಷ್ಟು ಪುಟ್ಟ ಅಲಗು ಬೇಗ ಕಾಯುತ್ತದೆ, ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿ ಉಕ್ಕಿನ ಹದ ಹೋಯಿತೆಂದೇ ಲೆಕ್ಕ.

ಮರದ ಸ್ಪೋಕ್‌ಶೇವ್‌ನ ಅಲಗಿಗೆ ಕೊಂಡಿಗಳು ಅಡ್ಡ ಬರುತ್ತವೆ. ಅದಕ್ಕೆ ಅಲಗನ್ನು ಸ್ಥಿರವಾಗಿ ಹಿಡಿದು ಕಲ್ಲನ್ನೇ ಅದರ ಬಳಿಗೆ ಒಯ್ಯಬೇಕು. ಕೊಂಡಿಗಳ ನಡುವೆ ಹಿಡಿಸುವಷ್ಟು ಅಗಲದ ಪಟ್ಟಿಗೆ ನಯವಾದ ಸ್ಯಾಂಡ್‌ಪೇಪರ್ ಅಂಟಿಸಿಕೊಂಡರೂ ನಡೆಯುತ್ತದೆ.

ಅಲಗನ್ನು ಎಷ್ಟು ಹೊರಗೆ ಬಿಡಬೇಕು?

ಕಣ್ಣಿಗೆ ಕಂಡರೆ ಸಾಮಾನ್ಯವಾಗಿ ಅದೇ ಹೆಚ್ಚು. ಅಲಗನ್ನು ಪೂರ್ತಿ ಒಳಕ್ಕೆ ಎಳೆದುಕೊಂಡು, ಮರದ ಮೇಲೆ ಸಾಗಿಸುತ್ತಾ ಸ್ವಲ್ಪ ಸ್ವಲ್ಪವೇ ಹೊರಬಿಡಿ. ಎರಡು ಮೂಲೆಗಳನ್ನು ಪರೀಕ್ಷಿಸಲು ಒಂದು ಚಿಕ್ಕ ಮರದ ಚೂರನ್ನು ಬಾಯಿಯ ಎಡತುದಿಯಲ್ಲಿ ಒಮ್ಮೆ, ಬಲತುದಿಯಲ್ಲಿ ಒಮ್ಮೆ ಎಳೆದು ನೋಡಿ. ಎರಡೂ ಕಡೆ ಸುರುಳಿ ಒಂದೇ ದಪ್ಪಕ್ಕೆ ಬಂದರೆ ಅಲಗು ಸಮವಾಗಿದೆ. ನಟ್ ಇರುವ ಮಾದರಿಯಲ್ಲಿ ಕೊನೆಯ ತಿರುವು ಯಾವಾಗಲೂ ಅಲಗನ್ನು ಹೊರದೂಡುವ ದಿಕ್ಕಿನಲ್ಲಿರಲಿ, ಇಲ್ಲದಿದ್ದರೆ ನಟ್ಟಿನ ಸಡಿಲದಿಂದ ಅಲಗು ಕೆಲಸದ ನಡುವೆ ಹಿಂದೆ ಸರಿಯುತ್ತದೆ.

51ರಂಥ ಮಾದರಿಗೆ ಒಂದು ಸರಳ ಉಪಾಯವಿದೆ. ಸಮತಟ್ಟಾದ ಹಲಗೆಯ ಮೇಲೆ ಎರಡು ಕಾಗದದ ಪಟ್ಟಿ ಇಟ್ಟು, ಬಾಯಿಯ ಮುಂದಿನ ತಳ ಒಂದರ ಮೇಲೆ, ಹಿಂದಿನ ತಳ ಇನ್ನೊಂದರ ಮೇಲೆ ಬರುವಂತೆ ಕೂರಿಸಿ. ಅಲಗು ಹಲಗೆಗೆ ತಾಗುವಂತೆ ಬಿಟ್ಟು ಕ್ಯಾಪ್ ಬಿಗಿಯಿರಿ. ಅಲಗು ಕಾಗದದ ದಪ್ಪದಷ್ಟೇ ಹೊರಗಿರುತ್ತದೆ.

ಅನುಭವ ಬಂದ ಮೇಲೆ ಅಲಗನ್ನು ಬೇಕೆಂದೇ ಓರೆಯಾಗಿ ಇಡುವುದನ್ನು ಕಲಿಯಿರಿ. ಒಂದು ತುದಿ ದಪ್ಪ ಸುರುಳಿ ತೆಗೆಯುತ್ತದೆ, ಇನ್ನೊಂದು ತುದಿ ತೆಳು ಸುರುಳಿ. ಒರಟು ಕೆಲಸಕ್ಕೆ ಒಂದು ಬದಿ, ನಯಗೊಳಿಸಲು ಇನ್ನೊಂದು ಬದಿ, ಮಧ್ಯೆ ತಿರುಪು ಮುಟ್ಟುವ ಪ್ರಮೇಯವೇ ಇಲ್ಲ.

ಹಿಡಿಯುವುದು ಹೇಗೆ? ತಳ್ಳಬೇಕೇ, ಎಳೆಯಬೇಕೇ?

ಎರಡೂ ಸರಿ. ಹಿಡಿಗಳ ತುದಿಯನ್ನು ಮುಷ್ಟಿಯಲ್ಲಿ ಹಿಡಿಯುವುದು ಮಾತ್ರ ಸರಿಯಲ್ಲ. ಕೈ ನಡುವಿಗೆ ಹತ್ತಿರವಿರಲಿ. ತಳ್ಳುವಾಗ ಹೆಬ್ಬೆರಳುಗಳು ಒಡಲಿನ ಹಿಂಭಾಗದಲ್ಲಿ, ತೋರುಬೆರಳುಗಳು ಬಾಯಿಯ ಮುಂದಿನ ಭಾಗದ ಮೇಲೆ ಕೂರಲಿ. ಒತ್ತಡ ಅಲಗಿನ ಮುಂದಿನ ತಳದ ಮೇಲೆ ಬೀಳಬೇಕು. ಮುಂದಿನ ತಳವನ್ನು ಮೊದಲು ಮರಕ್ಕೆ ತಾಗಿಸಿ, ಅದು ಅಲ್ಲೇ ಕೂತಿರುವಂತೆ ನೋಡಿಕೊಂಡು ಸಾಗಿ. ಸುರುಳಿ ನಿಂತುಹೋದರೆ ಅಲಗನ್ನು ಹೊರಬಿಡುವ ಮುನ್ನ ಮಣಿಕಟ್ಟು ವಾಲಿದೆಯೇ ನೋಡಿ, ಹೆಚ್ಚಿನ ಸಲ ಕಾರಣ ಅದೇ. ಉಪಕರಣವನ್ನು ಸ್ವಲ್ಪ ಓರೆಯಾಗಿ ಹಿಡಿದು ಸಾಗಿಸಿದರೆ ಕೊರೆತ ಇನ್ನೂ ಹಗುರ.

ದುಂಡು ತಳದ್ದಾದರೆ ತಳದ ಮುಂಭಾಗವನ್ನು ಊರಿ, ಅಲಗು ಕಚ್ಚುವವರೆಗೆ ಮಣಿಕಟ್ಟನ್ನು ನಿಧಾನವಾಗಿ ಉರುಳಿಸಿ, ಆ ಕೋನದಲ್ಲೇ ಕೈಯನ್ನು ಬಿಗಿಹಿಡಿದು ಸಾಗಿ. ತಳದ ಬಾಗು ಮರದ ಬಾಗಿಗಿಂತ ಬಿಗಿಯಾಗಿದ್ದರೆ ಮಾತ್ರ ಇದು ಸಾಧ್ಯ.

ಅಲಗು ಕಟಕಟನೆ ಅದುರಿ ಮರದ ಮೇಲೆ ಅಲೆಅಲೆ ಗುರುತು ಬೀಳುತ್ತದೆ. ಏಕೆ?

ಅಂಚು ಮರಕ್ಕೆ ಕಚ್ಚಿದಾಗ ಅಲಗು ಸ್ವಲ್ಪ ಬಾಗುತ್ತದೆ, ಬಿಡಿಸಿಕೊಂಡು ಹಿಂದಕ್ಕೆ ಚಿಮ್ಮುತ್ತದೆ, ಮತ್ತೆ ಕಚ್ಚುತ್ತದೆ. ಅಂಚಿಗೆ ಹತ್ತಿರದಲ್ಲಿ ಆಸರೆ ಇಲ್ಲದಿದ್ದರೆ ಹೀಗಾಗುತ್ತದೆ. ಪೀಠ ಸರಿಯಿಲ್ಲದಿರುವುದು, ಕ್ಯಾಪ್ ಸಡಿಲವಾಗಿರುವುದು, ಅಂಚು ಮೊಂಡಾಗಿರುವುದು, ಸುರುಳಿ ತೀರಾ ದಪ್ಪವಾಗಿರುವುದು – ಈ ನಾಲ್ಕರಲ್ಲಿ ಒಂದೋ ಎರಡೋ ಕಾರಣವಾಗಿರುತ್ತದೆ. ಮೊದಲು ಸುರುಳಿ ತೆಳುವಾಗಿಸಿ, ಆಮೇಲೆ ಮಸೆದು ನೋಡಿ, ಆಮೇಲೆ ಕ್ಯಾಪ್, ಕೊನೆಗೆ ಪೀಠ.

ಕ್ಯಾಪ್ ಬಿಗಿಯುವುದಕ್ಕೂ ಕ್ರಮವಿದೆ. 151ರ ನಡುವಿನ ತಿರುಪನ್ನು ಪೂರ್ತಿ ಬಿಗಿಯದೆ ಸ್ವಲ್ಪ ಸಡಿಲ ಬಿಟ್ಟು, ಹೆಬ್ಬೆರಳಿನಿಂದ ತಿರುಗಿಸುವ ಮೇಲಿನ ತಿರುಪನ್ನು ಬಿಗಿಯಬೇಕು. ಆಗ ಕ್ಯಾಪ್ ಸನ್ನೆಯಾಗಿ ತನ್ನ ಮುಂದಿನ ತುದಿಯನ್ನು ಅಲಗಿನ ಮೇಲೆ ಅದುಮುತ್ತದೆ. ಇಷ್ಟಾದರೂ ಅದುರು ನಿಲ್ಲದಿದ್ದರೆ ಸುಮಾರು 3 ಮಿಲಿಮೀಟರ್ ದಪ್ಪದ ಬದಲಿ ಅಲಗು ಹಾಕಬಹುದು, ಅದಕ್ಕಾಗಿ ಬಾಯಿಯನ್ನು ಅರದಿಂದ ಅಗಲ ಮಾಡಬೇಕಾದೀತು. ಕೆಲವೊಮ್ಮೆ ತಪ್ಪು ಉಪಕರಣದ್ದೇ ಅಲ್ಲ: ಮರವನ್ನು ಬಿಗಿಹಿಡಿಯುವ ವೈಸ್‌ನಿಂದ ಬಹಳ ಹೊರಕ್ಕೆ ಚಾಚಿಕೊಂಡ ಸಪೂರ ಮರವೇ ಅದುರುತ್ತಿರುತ್ತದೆ. ಕೊರೆಯುವ ಜಾಗವನ್ನು ವೈಸ್‌ಗೆ ಹತ್ತಿರ ತನ್ನಿ.

ಒಂದು ಕಡೆ ನಯವಾಗಿ ಬರುತ್ತದೆ, ಇನ್ನೊಂದು ಕಡೆ ಎಳೆ ಕಿತ್ತು ಬರುತ್ತದೆ. ಏನು ಮಾಡಲಿ?

ದಿಕ್ಕು ಬದಲಿಸಿ. ಬಾಗಿದ ಅಂಚಿನಲ್ಲಿ ಮರದ ಎಳೆ ನೇರವಾಗಿಯೇ ಇರುತ್ತದೆ, ಬಾಗುವುದು ನೀವು ಕೊಯ್ದ ಗೆರೆ ಮಾತ್ರ. ಆದ್ದರಿಂದ ಒಂದೇ ಅಂಚಿನಲ್ಲಿ ಅರ್ಧ ದೂರ ಎಳೆಗೆ ಅನುಗುಣವಾಗಿಯೂ, ಇನ್ನರ್ಧ ಅದಕ್ಕೆ ಎದುರಾಗಿಯೂ ಅಲಗು ಸಾಗುತ್ತದೆ. ಎದುರಾಗಿ ಹೋದಾಗ ಅಂಚು ಎಳೆಗಳ ಕೆಳಗೆ ನುಗ್ಗಿ ಅವನ್ನು ಎಬ್ಬಿಸುತ್ತದೆ.

ನೆನಪಿಡಬೇಕಾದದ್ದು ಇಷ್ಟು: ಯಾವಾಗಲೂ ಇಳಿಜಾರಿನಲ್ಲಿ ಸಾಗಿ. ಹೊರಕ್ಕೆ ಉಬ್ಬಿದ ಬಾಗಿನಲ್ಲಿ ನೆತ್ತಿಯಿಂದ ಎರಡು ತುದಿಗಳ ಕಡೆಗೆ, ಒಳಬಾಗಿನಲ್ಲಿ ಎರಡು ತುದಿಗಳಿಂದ ತಗ್ಗಿನ ಕಡೆಗೆ. ಒಳಬಾಗಿನ ತಳ ತಲುಪಿದ ಕೂಡಲೇ ನಿಲ್ಲಿಸಿ, ಎದುರಿನ ಏರನ್ನು ಒಂದಿಷ್ಟೂ ಹತ್ತಬೇಡಿ. ಎರಡು ಕಡೆಯ ಕೊರೆತಗಳು ಸೇರುವ ಆ ಜಾಗಕ್ಕೆ ಅತಿ ತೆಳುವಾದ ಸುರುಳಿ, ಹೊಸದಾಗಿ ಮಸೆದ ಅಂಚು ಬೇಕು. ಕೆಲಸ ಶುರುಮಾಡುವ ಮುನ್ನ ಮರದ ಪಕ್ಕದಲ್ಲಿ ಪೆನ್ಸಿಲಿನಿಂದ ಬಾಣದ ಗುರುತು ಹಾಕಿಕೊಂಡರೆ ದಿಕ್ಕು ತಪ್ಪುವುದಿಲ್ಲ. ತಳ್ಳುವುದು, ಎಳೆಯುವುದು ಎರಡನ್ನೂ ಕಲಿತಿರಬೇಕಾದದ್ದು ಇದೇ ಕಾರಣಕ್ಕೆ: ದಿಕ್ಕು ಬದಲಾದಾಗಲೆಲ್ಲ ಮರವನ್ನು ಬಿಚ್ಚಿ ತಿರುಗಿಸಿ ಕಟ್ಟುವ ಶ್ರಮ ಉಳಿಯುತ್ತದೆ.

ಗಂಟಿನ ಸುತ್ತ ಎಳೆ ದಿಕ್ಕು ಬದಲಿಸುತ್ತಲೇ ಇರುತ್ತದೆ. ಅಲ್ಲಿ ಬಾಯಿ ಕಿರಿದಾಗಿದ್ದರೆ ಒಳ್ಳೆಯದು. ಅಲಗಿನ ಕೆಳಗೆ ತೆಳುವಾದ ಲೋಹದ ಹಾಳೆಯ ತುಂಡಿಟ್ಟು ಅದನ್ನು ಮುಂದಕ್ಕೆ ತಂದು ಬಾಯಿಯನ್ನು ಕಿರಿದು ಮಾಡಬಹುದು.

ಚೌಕದ ಕೋಲನ್ನು ದುಂಡಗೆ ಮಾಡುವ ಕ್ರಮವೇನು?

ಕಣ್ಣಳತೆಯಲ್ಲಿ ಮೂಲೆಗಳನ್ನು ಉಜ್ಜುತ್ತಾ ಹೋದರೆ ಕೋಲು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸೊರಗುತ್ತದೆ. ಚೌಕದಿಂದ ಎಂಟು ಮುಖ, ಎಂಟರಿಂದ ಹದಿನಾರು, ಅಲ್ಲಿಂದ ದುಂಡು – ಇದೇ ನಂಬಿಕೆಯ ದಾರಿ. ಎಂಟು ಮುಖದ ಗೆರೆಗೆ ಪ್ರತಿ ಬದಿಯ ಅಗಲವನ್ನು 24 ಭಾಗ ಮಾಡಿ 7, 10, 7 ಎಂದು ಹಂಚಿ. 48 ಮಿಲಿಮೀಟರ್ ಚೌಕವಾದರೆ ಎರಡೂ ಅಂಚುಗಳಿಂದ 14 ಮಿಲಿಮೀಟರ್ ಒಳಗೆ ಗೆರೆ ಎಳೆಯಬೇಕು, ನಡುವೆ 20 ಉಳಿಯುತ್ತದೆ. ಮೂಲೆಗಳನ್ನು ಆ ಗೆರೆಗಳವರೆಗೆ ಹೆರೆದರೆ ಎಂಟೂ ಮುಖಗಳು ಸಮವಾಗಿ ನಿಲ್ಲುತ್ತವೆ.

ತೆಗೆಯಬೇಕಾದ ಮರ ಹೆಚ್ಚಿದ್ದರೆ ಮೊದಲು ಎರಡು ಹಿಡಿಯ ಎಳೆಗತ್ತಿಯನ್ನೋ ಕೊಡಲಿಯನ್ನೋ ಬಳಸಿ, ಗೆರೆ ಹತ್ತಿರವಾದಾಗ ಸ್ಪೋಕ್‌ಶೇವ್ ಹಿಡಿಯಿರಿ. ಹದಿನಾರು ಮುಖಕ್ಕೆ ಗೆರೆ ಬೇಕಿಲ್ಲ, ಎಂಟು ಏಣುಗಳನ್ನೂ ಅಷ್ಟಷ್ಟೇ ಸಲ ಹೆರೆದರೆ ಸಾಕು. ಕಾವಿನ ಅಡ್ಡಕೊಯ್ತ ಮೊಟ್ಟೆಯಾಕಾರದಲ್ಲಿರಬೇಕಾದರೂ ಇದೇ ಕ್ರಮ, ಬದಿಗಳ ಅಳತೆ ಮಾತ್ರ ಬೇರೆ. ಕೈಯಲ್ಲಿ ಹಿಡಿಯುವ ವಸ್ತುವಾದರೆ ಆಗಾಗ ನಿಲ್ಲಿಸಿ ಕಣ್ಣು ಮುಚ್ಚಿ ಹಿಡಿದು ನೋಡಿ, ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ತಿಳಿಯುತ್ತದೆ.

ಆಮೇಲೆ ಸ್ಯಾಂಡ್‌ಪೇಪರ್ ಹಾಕಲೇಬೇಕೇ?

ಚೂಪಾದ ಅಲಗು ಬಿಟ್ಟ ಮೇಲ್ಮೈಗೆ ತನ್ನದೇ ಹೊಳಪಿದೆ, ಸ್ಯಾಂಡ್‌ಪೇಪರ್ ಅದನ್ನು ಮಂಕು ಮಾಡುತ್ತದೆ. ಸಣ್ಣ ಮುಖಗಳು ಉಳಿದ ಕಾವು ಕೈಯಲ್ಲಿ ಜಾರುವುದೂ ಕಡಿಮೆ. ಪೂರ್ತಿ ನುಣುಪಾದ ಮೇಲ್ಮೈ ಬೇಕಿದ್ದರೆ ನಯವಾದ ಕಾಗದದಿಂದ ಎಳೆಯ ಉದ್ದಕ್ಕೆ ಮಾತ್ರ ಉಜ್ಜಿ. ಒಂದು ಎಚ್ಚರಿಕೆ: ಸ್ಯಾಂಡ್‌ಪೇಪರ್ ಹಾಕಿದ ಮರಕ್ಕೆ ಮತ್ತೆ ಸ್ಪೋಕ್‌ಶೇವ್ ತಾಗಿಸಬೇಡಿ. ಮರದೊಳಗೆ ಸಿಕ್ಕಿಕೊಂಡ ಗಟ್ಟಿ ಕಣಗಳು ಅಂಚನ್ನು ಕ್ಷಣದಲ್ಲಿ ಹಾಳುಮಾಡುತ್ತವೆ.

ಕೆಲಸ ಮುಗಿದ ಮೇಲೆ ಹೇಗೆ ಇಡಬೇಕು?

ಬಾಯಿಯಲ್ಲಿ ಸಿಕ್ಕ ಸುರುಳಿಗಳನ್ನು ತೆಗೆಯಿರಿ, ಅದರಲ್ಲೂ ಹಸಿ ಮರ ಹೆರೆದ ದಿನ ತಪ್ಪದೆ. ಆ ತೇವ ರಾತ್ರಿ ಕಳೆಯುವುದರೊಳಗೆ ತುಕ್ಕು ತರಬಲ್ಲದು. ಲೋಹಕ್ಕೆ ತೆಳುವಾಗಿ ಎಣ್ಣೆ ಸವರಿ, ಅಲಗನ್ನು ಒಳಕ್ಕೆ ಎಳೆದು, ಬೇರೆ ಉಪಕರಣಗಳಿಗೆ ಅಂಚು ತಾಗದಂತೆ ತೂಗುಹಾಕಿ. ಮರದ ಒಡಲಿಗೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ಸಾಕು.